ಅಳತೆಗೆ ಬಾರದ ಹೆಣ್ಣುಮಕ್ಕಳು

ಬನ್ನಿ, ಹತ್ತಿರ ಬನ್ನಿ. ಆ ಕುರ್ಚಿ ಮೇಲಿನ ಬಟ್ಟೆ ಅತ್ತ ಸರಿಸಿ ಕೂತುಕೊಳ್ಳಿ, ಒಗೆದದ್ದೇ ಅದು. ಫೋನು ಇದ್ದರೆ ಬೋರಲು ಹಾಕಿ. ಇದು ಸರ್ಕಾರಿ ಮೊಹರು ಬಿದ್ದ ಕಥೆ, ನಡುವೆ ಎದ್ದು ಹೋದರೆ ನಷ್ಟ ನಿಮ್ಮದೇ.

ನಮ್ಮ ಊರಿನ ಹೆಣ್ಣುಮಕ್ಕಳೆಲ್ಲರೂ ತಪ್ಪು ಅಳತೆಯಲ್ಲಿ ಹುಟ್ಟಿದ್ದಾರೆ ಎಂಬ ಸಂಗತಿಯು ಒಂದು ಸೋಮವಾರ ಬೆಳಿಗ್ಗೆ, ಸಮವಸ್ತ್ರ ಇಲಾಖೆಯ ಸಭೆಯಲ್ಲಿ, ಅಧಿಕೃತವಾಗಿ ಪತ್ತೆಯಾಯಿತು. ಅದಕ್ಕೂ ಮುಂಚೆ ಯಾರಿಗೂ ಗೊತ್ತಿರಲಿಲ್ಲ. ಹೆತ್ತವರಿಗೂ ಗೊತ್ತಿರಲಿಲ್ಲ. ನನಗೆ ಹೇಗೆ ಗೊತ್ತು ಅಂದರೆ, ಆ ಸಭೆಗೆ ಟೀ ಕೊಟ್ಟವಳು ನಾನೇ.

ನನಗೆ ಓದು ಬರಹ ಇಲ್ಲ. ಆದರೆ ಆ ಇಲಾಖೆಯಲ್ಲಿ ಟೀ ಕೊಟ್ಟೂ ಕೊಟ್ಟೂ 'ಸದರಿ', 'ತತ್ಸಂಬಂಧ', 'ಮೇಲ್ಕಂಡಂತೆ' ಎಲ್ಲ ನಾಲಿಗೆಗೆ ಹತ್ತಿಬಿಟ್ಟಿವೆ. ಮನೆಯಲ್ಲೂ ಬಾಯಿಗೆ ಬರುತ್ತವೆ. "ಸದರಿ ಬೆಕ್ಕು ಮತ್ತೆ ಹಾಲು ಕುಡಿದಿದೆ, ತತ್ಸಂಬಂಧ ಬಾಗಿಲು ತೆರೆದಿಟ್ಟವರು ಯಾರು?" ಅಂತ ಕೇಳಿದರೆ ನನ್ನ ಮೊಮ್ಮಗಳು ನಗುತ್ತಿದ್ದಳು. ಅವಳು ನಕ್ಕರೆ ಅಟ್ಟದ ಮೇಲಿನ ಪಾತ್ರೆ ಅಲುಗುತ್ತಿತ್ತು. ಅದಕ್ಕೇ ಅವಳನ್ನು ಬೀದಿಯವರೆಲ್ಲ 'ಗುಡುಗು' ಅಂತ ಕರೆಯೋದು. ಗುಂಡು ಎಸೆಯುವ ಆಟದಲ್ಲಿ ಅವಳ ಸಮ ಯಾರೂ ಇರಲಿಲ್ಲ. ಶಾಲೆಯ ಮೈದಾನದ ಆ ತುದಿಯಲ್ಲಿ ಒಂದು ನೀರಿನ ನಲ್ಲಿ ಇದೆಯಲ್ಲ, ಅದು ಸೊಟ್ಟಗಾಗಿರೋದು ಇವಳ ಗುಂಡು ತಗುಲಿಯೇ. ಆ ವರ್ಷದ ಕೊನೆಯಲ್ಲಿ ಸುತ್ತಲಿನ ಊರುಗಳ ಶಾಲೆಗಳೆಲ್ಲ ಸೇರುವ ದೊಡ್ಡ ಪಂದ್ಯ. ಅವಳು ಮಲಗುವಾಗಲೂ ಬಲಗೈಯನ್ನು ಭುಜದ ಹತ್ತಿರ ಮಡಚಿಕೊಂಡೇ ಮಲಗುತ್ತಿದ್ದಳು.

ಈಗ ಇಲಾಖೆಯ ವಿಚಾರಕ್ಕೆ ಬರೋಣ.

ಶಾಲಾ ಬಾಲಕಿಯರಿಗೆ ಹೊಸ ಸಮವಸ್ತ್ರ ನೀಡತಕ್ಕದ್ದು ಎಂದು ಮೇಲಿನಿಂದ ಆದೇಶ ಬಂತು. ಬಾಲಕಿಯರ ಅಳತೆಯನ್ನು ಮಹಿಳಾ ಅಳತೆದಾರರೇ ತೆಗೆಯತಕ್ಕದ್ದು ಎಂಬುದು ನಿಯಮ. ಒಳ್ಳೆಯ ನಿಯಮ, ಬೇಡ ಅನ್ನಲ್ಲ. ಆದರೆ ಆ ಹುದ್ದೆ ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಖಾಲಿ. ಕುರ್ಚಿ ಇದೆ, ಮೇಜು ಇದೆ, ಮೇಜಿನ ಮೇಲೆ ಸುರುಳಿ ಸುತ್ತಿದ ಟೇಪು ಇದೆ, ಕೂರಲು ಮನುಷ್ಯರಿಲ್ಲ. ದೊಡ್ಡ ಸಾಹೇಬರು ನಮ್ಮ ಗುಮಾಸ್ತನನ್ನು ಕರೆದು, "ಏನಾದ್ರೂ ಮಾಡಿ ಒಂದು ಅಳತೆ ತಗೊಂಬಾರಯ್ಯ" ಅಂದರು.

ಗುಮಾಸ್ತ ಪಾಪದವನು. ನನ್ನ ಜೊತೆ ಮಾತಾಡುವಾಗಲೇ ನೆಲ ನೋಡುತ್ತಾನೆ, ಇನ್ನು ಹುಡುಗಿಯರ ಸೊಂಟಕ್ಕೆ ಟೇಪು ಹಿಡಿಯುತ್ತಾನೆಯೇ? ಯೋಚನೆ ಮಾಡುತ್ತ ನಡೆದವನು ಪೇಟೆಯ ದೊಡ್ಡ ಬಟ್ಟೆ ಅಂಗಡಿ ಮುಂದೆ ನಿಂತ. ಅಲ್ಲಿ ಗಾಜಿನ ಹಿಂದೆ, ಗೋಡೆಗೆ ಆನಿಸಿ ನಿಲ್ಲಿಸಿದ ಒಂದು ಹುಡುಗಿ ಗೊಂಬೆ. ಊರಿಗೆಲ್ಲ ಗೊತ್ತಿದ್ದ ಗೊಂಬೆ ಅದು. ಟಿವಿಯಲ್ಲಿ ಎರಡು ಸುದ್ದಿಯ ಮಧ್ಯೆ ಅದರದ್ದೇ ಜಾಹೀರಾತು: "ಹುಡುಗಿ ಅಂದರೆ ಹೀಗೆ!" ಇಂಥ ಪ್ರಸಿದ್ಧ ಹುಡುಗಿ ಕೈಗೆ ಸಿಕ್ಕಿರುವಾಗ ಬೇರೆಯವರ ಅಳತೆ ಯಾಕೆ? ಒಳಗೆ ಹೋಗಿ, ಮರ್ಯಾದಸ್ಥ ನೋಡಿ, ಎರಡೂ ಕಣ್ಣು ಮುಚ್ಚಿಕೊಂಡು ಗೊಂಬೆಯ ಅಳತೆ ತೆಗೆದುಕೊಂಡು ಬಂದ. ವರದಿಯಲ್ಲಿ ಹೀಗೆ ಬರೆದು ಸಾಹೇಬರ ಮುಂದೆ ಓದಿದ: "ಸದರಿ ಬಾಲಕಿಗೆ ಆಕ್ಷೇಪಣೆ ಇದೆಯೇ ಎಂದು ವಿಚಾರಿಸಲಾಗಿ, ಅವರು ಮೌನವಾಗಿದ್ದರು. ಮೌನವನ್ನು ಒಪ್ಪಿಗೆ ಎಂದು ಪರಿಗಣಿಸಲಾಗಿದೆ."

ಬಟ್ಟೆ ಹೊಲಿದು ಬಂತು, ಮೂಟೆ ಮೂಟೆ, ಎಲ್ಲ ಒಂದೇ ಅಳತೆ. ಸೊಂಟ ನಮ್ಮ ಮನೆಯ ನೀರಿನ ಹೂಜಿಯ ಕತ್ತಿನಷ್ಟು. ಕೆಲವು ಹುಡುಗಿಯರಿಗೆ ಅದು ಮೊಣಕೈವರೆಗೆ ಬಂತು, ಕೆಲವರಿಗೆ ತಲೆವರೆಗೆ. ಅಂಚೆಯವನ ಮಗಳು ಊರಿಗೇ ತೆಳ್ಳಗಿನವಳು, ಜೋರು ಗಾಳಿ ಬಂದರೆ ಕಂಬ ಹಿಡಿದುಕೊಳ್ಳುವವಳು. ಅವಳೂ ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡಳು. ಶಾಲೆಯ ದೊಡ್ಡ ಟೀಚರು ಕೊಬ್ಬರಿ ಎಣ್ಣೆ ಹಚ್ಚಿ ಹೊರಗೆ ಎಳೆದರು.

ಆ ಸೋಮವಾರದ ಸಭೆ ಕೂಡಿದ್ದು ಇದಕ್ಕೇ.

"ಬಟ್ಟೆ ತಪ್ಪು ಅಂತಾದರೆ ಯಾರ ತಲೆ ಹೋಗುತ್ತೆ?" ಅಂದರು ಸಾಹೇಬರು.

"ತಮ್ಮದು ಸಾರ್," ಅಂದ ಗುಮಾಸ್ತ. ಸುಳ್ಳು ಅವನ ಬಾಯಲ್ಲಿ ಬರಲ್ಲ.

"ಹುಡುಗಿಯರು ತಪ್ಪು ಅಂತಾದರೆ?"

"ಹುಡುಗಿಯರು ನಮ್ಮ ಇಲಾಖೆಗೆ ಬರೋದಿಲ್ಲ ಸಾರ್."

ಸಾಹೇಬರು ನಿಧಾನವಾಗಿ ಟೀ ಹೀರಿದರು. "ಹಾಗಾದರೆ ಹುಡುಗಿಯರೇ ತಪ್ಪು. ಸಕ್ಕರೆ ಸ್ವಲ್ಪ ಕಮ್ಮಿ ಆಯ್ತಲ್ಲಮ್ಮ."

ಸಕ್ಕರೆ ಸರಿಯಾಗೇ ಇದೆ, ನಿಮ್ಮ ನಾಲಿಗೆಯೇ ತಪ್ಪು ಅಳತೆಯದ್ದಿರಬೇಕು ಅಂತ ತುಟಿವರೆಗೂ ಬಂದದ್ದನ್ನು ನುಂಗಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಅನ್ನೋದು ಹಳೇ ಗಾದೆ. ನೆಲವೇ ಎದ್ದು ನಿಂತು ಕುಣಿಯುವವಳು ಡೊಂಕು ಅಂದದ್ದನ್ನು ನಾನು ಅವತ್ತೇ ನೋಡಿದ್ದು.

ಸಂಜೆಯೊಳಗೆ ಸುತ್ತೋಲೆ ಹೊರಟಿತು: "ಸಮವಸ್ತ್ರವು ಸರಿಯಾಗಿರುತ್ತದೆ. ಹೆಣ್ಣುಮಕ್ಕಳಲ್ಲಿ ಅಳತೆಯ ದೋಷ ಕಂಡುಬಂದಿರುತ್ತದೆ. ಸದರಿ ಹೆಣ್ಣುಮಕ್ಕಳು ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ತಮ್ಮನ್ನು ಸರಿಪಡಿಸಿಕೊಳ್ಳತಕ್ಕದ್ದು. ಸಮವಸ್ತ್ರ ಧರಿಸದವರು ಆಟೋಟಗಳಲ್ಲಿ ಭಾಗವಹಿಸತಕ್ಕದ್ದಲ್ಲ."

ಸುದ್ದಿ ಟಿವಿಗೆ ಸಿಕ್ಕಿತು. ಮೈಕು ಹಿಡಿದು ಒಬ್ಬ ಟಿವಿ ಹುಡುಗಿ ಇಲಾಖೆಗೇ ಬಂದಳು. ಲಕ್ಷಣವಾಗಿದ್ದಳು, ಮೈಗೆ ಅಂಟಿದಂಥ ಕೋಟು. ಆದರೆ ಬಾಗಿಲಿನಿಂದ ಏಡಿಯ ಹಾಗೆ ಅಡ್ಡಡ್ಡ ನಡೆದು ಬಂದು ಗೋಡೆಗೆ ಬೆನ್ನು ಹಚ್ಚಿ ಕೂತಳು. ನಾನು ಟೀ ಜೊತೆ ಬಿಸ್ಕತ್ತು ಕೊಟ್ಟೆ. ಒಂದು ಎತ್ತಿಕೊಂಡು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ವಾಪಸ್ಸು ತಟ್ಟೆಗೆ ಇಟ್ಟಳು.

"ತಗೋಮ್ಮ, ಮೆತ್ತಗಾಗಿಲ್ಲ," ಅಂದೆ.

"ಬೇಡಮ್ಮ. ವಾಸನೆ ಸಾಕು ನನಗೆ. ಇವತ್ತಿನದು ಆಯ್ತು."

ಆ ರಾತ್ರಿಯಿಂದ ಟಿವಿಯಲ್ಲಿ ದಿನಾ ಒಂದೇ ಚರ್ಚೆ: 'ಅಳತೆಗೆ ಬಾರದ ಹೆಣ್ಣುಮಕ್ಕಳು, ಯಾರು ಹೊಣೆ?' ಒಬ್ಬ ತಜ್ಞರು, ಹುಡುಗಿಯರು ಉಸಿರಾಡುವುದರಿಂದ ಸುತ್ತಳತೆ ಹೆಚ್ಚುತ್ತದೆ ಅಂದರು. ಇನ್ನೊಬ್ಬರು ಒಪ್ಪಲಿಲ್ಲ, ನಗುವುದರಿಂದ ಅಂದರು. ಬಹಳ ಹೊತ್ತು ಕಿತ್ತಾಡಿ, ಕೊನೆಗೆ ಎರಡನ್ನೂ ಕಡಿಮೆ ಮಾಡಬಹುದು ಎಂದು ರಾಜಿಯಾದರು. ಮಾರನೇ ದಿನವೇ ಶಾಲೆಯಲ್ಲಿ ನಿಯಮ ಬಂತು: ನಗು ಬಂದಲ್ಲಿ ಮೂಗಿನಿಂದ ನಗತಕ್ಕದ್ದು.

ಬಟ್ಟೆ ಅಂಗಡಿಯವನು ಸುಮ್ಮನಿರುತ್ತಾನೆಯೇ? ಒಂದು ಹೊಸ ಕನ್ನಡಿ ತಂದ. ಉದ್ದ ಆಳೆತ್ತರ, ಅಗಲ ಒಂದು ಗೇಣು. ಅದರೊಳಗೆ ನೋಡಿಕೊಂಡರೆ ಯಾರಾದರೂ ತೆಳ್ಳಗೇ ಕಾಣಬೇಕು, ಬೇರೆ ದಾರಿಯೇ ಇಲ್ಲ. ಅಂಗಡಿ ಮುಂದೆ ಸಾಲು ನಿಂತಿತು. ನನ್ನ ಮಗಳು, ಅಂದರೆ ಗುಡುಗಿನ ಅಮ್ಮ, ಅವಳೂ ಒಂದನ್ನು ಹೊತ್ತುಕೊಂಡು ಬಂದು ನಡುಮನೆಯಲ್ಲಿ ನೇತುಹಾಕಿದಳು.

ಗುಡುಗು ಅದರ ಮುಂದೆ ನಿಂತಳು. ಮೂಗು ಕಂಡಿತು, ಬಾಯಿ ಕಂಡಿತು, ಅಂಗಿಯ ಗುಂಡಿಗಳ ಸಾಲು ಕಂಡಿತು. ಎರಡು ಭುಜವೂ ಕನ್ನಡಿಯ ಆಚೆ ಈಚೆ.

"ಅಜ್ಜಿ," ಅಂದಳು, "ಇದರಲ್ಲಿ ಹಿಡಿಸಿದಷ್ಟು ನಾನು. ಉಳಿದದ್ದೆಲ್ಲ ಹೆಚ್ಚುವರಿ ಅಲ್ವಾ?"

"ಯಾರೇ ಹೇಳಿದ್ದು? ಆ ಭುಜದಿಂದ ತಾನೇ ನೀನು ನಲ್ಲಿ ಸೊಟ್ಟ ಮಾಡಿದ್ದು?"

"ಟಿವಿಯಲ್ಲಿ ಅಂಥ ಭುಜ ಯಾರಿಗೂ ಇಲ್ಲ ಅಜ್ಜಿ. ನಾನು ನೋಡ್ತಾನೇ ಇದ್ದೀನಿ."

ಅವತ್ತಿನಿಂದ ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು. ಮೊದಲು ಒಂದು ತುತ್ತು, ಆಮೇಲೆ ಅರ್ಧ, ಆಮೇಲೆ ಒಂದು ದಿನ ಪೂರ್ತಿ ಬಿಟ್ಟು ನೀರು ಕುಡಿದು ಎದ್ದಳು. ಹೊಟ್ಟೆಗೆ ತಣ್ಣೀರು ಬಟ್ಟೆ ಅಂತಾರಲ್ಲ, ಬಡವರ ಪಾಡು ಅದು ಅಂದುಕೊಂಡಿದ್ದೆ. ಅನ್ನ ಇದ್ದ ಮನೆಯಲ್ಲೂ ಹಾಕಿಕೊಳ್ಳುತ್ತಾರೆ ಅಂತ ಗೊತ್ತಿರಲಿಲ್ಲ.

ನಾನು ಮಗಳನ್ನು ಗದರಿದೆ. "ನೀನಾದರೂ ಹೇಳಬಾರದೇನೇ? ಮಗು ಉಣ್ತಿಲ್ಲ."

"ನೀನು ಸುಮ್ನಿರಮ್ಮ. ಹೊಸ ಬಟ್ಟೆ ಹಿಡಿಸದೆ ಪಂದ್ಯಕ್ಕೆ ಬಿಡಲ್ಲ ಅಂತಿದ್ದಾರೆ. ಪಂದ್ಯಕ್ಕೆ ಹೋಗಬೇಕು ಅಂತಾನೇ ಅವಳು ಊಟ ಬಿಡ್ತಿರೋದು."

"ಉಣ್ಣದೆ ಗುಂಡು ಎಸೆಯೋದು ಹೇಗೆ?"

"ಬಟ್ಟೆ ಇಲ್ಲದೆ ಎಸೆಯೋದು ಹೇಗೆ?"

ಇಬ್ಬರದ್ದೂ ಸರಿಯಾದ ಪ್ರಶ್ನೆಯೇ. ಮೂಗಿಗಿಂತ ಮೂಗುತಿ ಭಾರ. ನಾನು ದಿನಾ ಒಂದು ಡಬ್ಬಿಗೆ ಊಟ ತುಂಬಿ ಮೈದಾನಕ್ಕೆ ಒಯ್ಯುತ್ತಿದ್ದೆ, ದಿನಾ ತುಂಬಿದ ಡಬ್ಬಿಯನ್ನೇ ವಾಪಸ್ಸು ತರುತ್ತಿದ್ದೆ. ನಲ್ಲಿ ಸೊಟ್ಟ ಮಾಡಿದ ಗುಂಡು ಈಗ ಅರ್ಧ ಮೈದಾನಕ್ಕೇ ಬೀಳುತ್ತಿತ್ತು. ಬರಬರುತ್ತ ಅವಳ ಕಾಲಬುಡಕ್ಕೇ ಬಂತು. ಅಟ್ಟದ ಪಾತ್ರೆಗಳು ಅಲುಗುವುದನ್ನು ಮರೆತವು.

ಇಷ್ಟರಲ್ಲಿ ಇಲಾಖೆ ಸುಮ್ಮನೆ ಕೂತಿರಲಿಲ್ಲ. ಹೆಣ್ಣುಮಕ್ಕಳಿಗೆ ಒಂದು ಮಾದರಿ ಕಣ್ಣ ಮುಂದೆ ಇರಬೇಕು ಎಂದು ತೀರ್ಮಾನಿಸಿ, ಆ ಗೊಂಬೆಯನ್ನೇ ಶಾಲೆಗೆ ದಾಖಲು ಮಾಡಿದರು. ಅಂಗಡಿಯವನು ಕೊಡುವಾಗ ಒಂದು ಷರತ್ತು ಹಾಕಿದ: ಗೊಂಬೆಯನ್ನು ಗೋಡೆಗೆ ಆನಿಸಿಯೇ ಇಡತಕ್ಕದ್ದು, ಹಿಂದಿನಿಂದ ನೋಡತಕ್ಕದ್ದಲ್ಲ. ಸಾಹೇಬರು ರುಜು ಹಾಕಿದರು.

ದೊಡ್ಡ ಟೀಚರಿಗೆ ಗೊಂಬೆಯ ಮೇಲೆ ಎಲ್ಲಿಲ್ಲದ ಪ್ರೀತಿ. "ಇಂಥ ವಿದ್ಯಾರ್ಥಿನಿ ನನ್ನ ಸರ್ವೀಸಿನಲ್ಲೇ ಬಂದಿಲ್ಲ," ಅಂತ ಎಲ್ಲರ ಹತ್ತಿರ ಹೇಳಿಕೊಂಡರು. ದಿನಾ ಹಾಜರು. ಪಾಠದ ಮಧ್ಯೆ ಹೊರಗೆ ಹೋಗುತ್ತೇನೆ ಅನ್ನಲ್ಲ, ಎದುರು ಮಾತಿಲ್ಲ, ಮೂಗಿನಿಂದಲೂ ನಗಲ್ಲ. ವರ್ಷದ ನಡತೆಗೆ ಮೊದಲ ಬಹುಮಾನ ಅವಳಿಗೇ. ಗಣಿತದಲ್ಲಿ ಮಾತ್ರ ಸೊನ್ನೆ, ಆದರೆ ಉತ್ತರ ಒಂದೂ ತಪ್ಪಿರಲಿಲ್ಲವಾದ್ದರಿಂದ ಪಾಸು ಮಾಡಿದರು.

ಪಂದ್ಯಕ್ಕೆ ತಂಡ ಆರಿಸುವ ದಿನ ಬಂತು. ಸಮವಸ್ತ್ರ ಹಿಡಿಸಿದವರು ಮಾತ್ರ ಮುಂದೆ ಬನ್ನಿ ಅಂದರು. ಯಾರೂ ಕದಲಲಿಲ್ಲ. ಗೊಂಬೆಯೂ ಕದಲಲಿಲ್ಲ, ಆದರೆ ಅವಳಿಗೆ ಹಿಡಿಸಿತ್ತು. ಹಾಗಾಗಿ ಓಟ, ಜಿಗಿತ, ಗುಂಡು ಎಸೆತ, ಮೂರಕ್ಕೂ ಅವಳ ಹೆಸರನ್ನೇ ಕಳಿಸಿದರು.

ಗುಡುಗು ಅವತ್ತು ಮನೆಗೆ ಬಂದು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಅಳಲಿಲ್ಲ. "ಅವಳಿಗೆ ಹಿಡಿಸಿದೆ ಅಜ್ಜಿ. ಅಂದರೆ ಹಿಡಿಸುತ್ತೆ. ನನ್ನಲ್ಲೇ ಏನೋ ಐಬು ಇದೆ," ಅಂದಳು. ನನ್ನ ಹತ್ತಿರ ಸದರಿಯೂ ಇರಲಿಲ್ಲ, ತತ್ಸಂಬಂಧವೂ ಇರಲಿಲ್ಲ. ತಲೆ ಸವರಿದೆ, ಅಷ್ಟೇ.

ಪಂದ್ಯದ ದಿನ ನಮ್ಮ ಶಾಲೆಯ ಮೈದಾನದಲ್ಲೇ ಶಾಮಿಯಾನ, ಮೈಕು, ಟಿವಿಯವರ ಗಾಡಿ. ಗೊಂಬೆ ಓಟದಲ್ಲಿ ನಿಂತಲ್ಲೇ ನಿಂತಳು. 'ಓಟಕ್ಕೆ ಆತುರಪಡದ ಗಾಂಭೀರ್ಯ' ಎಂದು ಮೈಕಿನಲ್ಲಿ ಹೊಗಳಿದರು. ಜಿಗಿತವೂ ಹಾಗೇ ಮುಗಿಯಿತು. ಗುಂಡು ಎಸೆತಕ್ಕೆ ಸುಣ್ಣದ ಗೆರೆಯ ನಡುವೆ ನಿಲ್ಲಿಸುವ ಹೊತ್ತಿಗೆ ಗಾಳಿ ಎದ್ದಿತು. ಗೋಡೆ ಇಲ್ಲ, ಗೊಂಬೆ ವಾಲತೊಡಗಿತು.

"ಯಾರಾದ್ರೂ ಹಿಂದೆ ನಿಂತು ಹಿಡ್ಕೊಳ್ರೇ!" ದೊಡ್ಡ ಟೀಚರು ಕೂಗಿದರು. "ಏ ಗುಡುಗು, ನೀನು ಹೇಗೂ ಸುಮ್ನೆ ನಿಂತಿದ್ದೀಯ, ಬಾ."

ಗುಮಾಸ್ತ ಓಡಿ ಬಂದು ನೆಲ ನೋಡುತ್ತಲೇ ಹೇಳಿದ, "ಷರತ್ತು ಇದೆ. ಹಿಡಿದುಕೊಂಡವರು ಕಣ್ಣು ಮುಚ್ಚಿರತಕ್ಕದ್ದು. ನಾನೂ ಹಾಗೇ ಅಳತೆ ತೆಗೆದದ್ದು."

ಗುಡುಗು ಕಣ್ಣು ಮುಚ್ಚಿ, ಗೊಂಬೆಯ ಎರಡೂ ಭುಜ ಹಿಡಿದು ಹಿಂದೆ ನಿಂತಳು. ತನ್ನ ಜಾಗದಲ್ಲಿ ನಿಂತವಳನ್ನು ತಾನೇ ಹಿಡಿದುಕೊಂಡು ನಿಲ್ಲುವುದು ಅಂದರೆ ಏನು ಅಂತ ನೀವೇ ಯೋಚನೆ ಮಾಡಿ. ನಾನು ದಿನದ ಹಾಗೆ ಊಟದ ಡಬ್ಬಿ ಹಿಡಿದು ಗೆರೆಯ ಹತ್ತಿರ ಬಂದು ನಿಂತೆ. ತೀರ್ಪುಗಾರರು ಗೊಂಬೆಯ ಅಂಗೈಯಲ್ಲಿ ಕಬ್ಬಿಣದ ಗುಂಡು ಇಟ್ಟರು. ಕೈ ಒಂದು ಕ್ಷಣ ತಡೆಯಿತು, ಆಮೇಲೆ ಭುಜದ ಹತ್ತಿರ ಲಟಕ್ಕನೆ ಮುರಿದು ಗುಂಡಿನ ಸಮೇತ ಕೆಳಗೆ ಬಿತ್ತು. ತೀರ್ಪುಗಾರರು ಟೇಪು ಹಿಡಿದು, ಕೈ ಬಿದ್ದ ಜಾಗದವರೆಗೆ ಅಳೆದು, "ಎಸೆತ ಎಂದು ಪರಿಗಣಿಸಲಾಗಿದೆ" ಅಂದರು. ಶಾಮಿಯಾನದಲ್ಲಿ ಚಪ್ಪಾಳೆ.

ಆ ಸದ್ದಿಗೆ ಗುಡುಗು ಕಣ್ಣು ಬಿಟ್ಟಳು.

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಮೊದಲು ಹುಬ್ಬು ಮೇಲೆ ಹೋಯಿತು. ಆಮೇಲೆ ಒಂದು ಕೈ ಎತ್ತಿ ಗೊಂಬೆಯ ಬೆನ್ನಿನ ಕಡೆ ಚಾಚಿದಳು. ಕೈ ಒಳಗೆ ಹೋಯಿತು. ಮೊಣಕೈವರೆಗೂ ಹೋಯಿತು. ಒಳಗಿನಿಂದ ಟಕ್ ಟಕ್ ಅಂತ ಬಡಿದಳು. ಖಾಲಿ ಡಬ್ಬದ ಸದ್ದು.

"ಅಜ್ಜೀ! ಇವಳಿಗೆ ಬೆನ್ನೇ ಇಲ್ಲ!"

"ಏನೇ?"

"ಹಿಂದೆ ಏನೂ ಇಲ್ಲ ಅಜ್ಜಿ! ಬರೀ ಮುಂದೆ! ಸಮವಸ್ತ್ರವನ್ನು ಹಿಂದೆ ಸೀಳಿ ಬಟ್ಟೆ ಒಣಹಾಕೋ ಕ್ಲಿಪ್ಪು ಹಾಕಿದ್ದಾರೆ! ಅರ್ಧ ಹುಡುಗಿ ಅಜ್ಜಿ ಇವಳು, ಅರ್ಧ!"

ಹೌದು. ಅಂಗಡಿಯವರು ಜಾಗ ಉಳಿಸಲು ತರಿಸುವ ಟೊಳ್ಳು ಗೊಂಬೆ ಅದು, ಮುಂಭಾಗದ ಚಿಪ್ಪು ಮಾತ್ರ. ಅದರ ಸುತ್ತ ಟೇಪು ಹಿಡಿದು, ಅರ್ಧ ಹುಡುಗಿಯ ಅಳತೆಗೆ ಊರಿನ ಇಡೀ ಇಡೀ ಹುಡುಗಿಯರನ್ನೆಲ್ಲ ತೂರಿಸಲು ನೋಡಿದ್ದರು.

ಆಗ ಬಂತು ನೋಡಿ ನಗು. ಮೂಗಿನಿಂದಲ್ಲ. ಎಷ್ಟೋ ದಿನದಿಂದ ಕಟ್ಟಿಟ್ಟದ್ದೆಲ್ಲ ಒಟ್ಟಿಗೆ. ಶಾಮಿಯಾನದ ಹಗ್ಗ ಅಲುಗಿತು. ಹುಡುಗಿಯರೆಲ್ಲ ಓಡಿ ಬಂದರು, ಒಬ್ಬೊಬ್ಬರಾಗಿ ಕೈ ಹಾಕಿ ಟಕ್ ಟಕ್ ಬಡಿದು ನೋಡಿ ಬಿದ್ದು ಬಿದ್ದು ನಕ್ಕರು. ಅಂಚೆಯವನ ಮಗಳು ಕಂಬ ಹಿಡಿದುಕೊಂಡು ನಕ್ಕಳು. ಗುಡುಗು ನೆಲದಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಕೈಯನ್ನು ಕುಲುಕಿ, ಅದರಿಂದ ಗುಂಡು ಬಿಡಿಸಿಕೊಂಡು, ಭುಜಕ್ಕೆ ಒತ್ತಿ ಎಸೆದಳು.

ಅರ್ಧ ಮೈದಾನಕ್ಕೂ ಹೋಗಲಿಲ್ಲ. ಮೈಯಲ್ಲಿ ಏನಿದೆ ಹೋಗಲು? ಗುಂಡು ಬಿದ್ದ ಜಾಗ ನೋಡಿದಳು, ದೂರದ ನಲ್ಲಿ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು.

"ಅಜ್ಜಿ, ಡಬ್ಬಿಯಲ್ಲಿ ಏನಿದೆ?"

ಸುಣ್ಣದ ಗೆರೆಯ ಮೇಲೇ ಕೂತು ಡಬ್ಬಿ ತಳ ಕಾಣುವವರೆಗೂ ಉಂಡಳು. ಅವಳಮ್ಮ ಬಂದು ಪಕ್ಕದಲ್ಲಿ ಕೂತು, ನೀರಿನ ಬಾಟಲಿ ತೆರೆದು ಹಿಡಿದಳು. ಟಿವಿ ಹುಡುಗಿಯೂ ಅಡ್ಡಡ್ಡ ನಡೆದು ಬಂದು, ಮೈಕು ಕೆಳಗಿಟ್ಟು, "ಅಮ್ಮಾ, ನನ್ನ ಕೋಟಿನ ಹಿಂದೆ ಒಂದು ಸ್ವಲ್ಪ..." ಅಂದಳು. ತಿರುಗಿಸಿ ನೋಡುತ್ತೇನೆ, ಅಲ್ಲೂ ಕ್ಲಿಪ್ಪು, ಸಾಲಾಗಿ! ಕ್ಯಾಮೆರಾಕ್ಕೆ ಮೈಗೆ ಅಂಟಿದಂತೆ ಕಾಣಲಿ ಅಂತ. ಒಂದೊಂದೇ ತೆಗೆದೆ. ಕೊನೆಯದು ತೆಗೆದಾಗ ಅವಳು ಬಿಟ್ಟ ಉಸಿರು ಇಷ್ಟುದ್ದ. "ಬಿಸ್ಕತ್ತು ಇದೆಯಾಮ್ಮ?" ಅಂದಳು. ಇತ್ತು.

ಇನ್ನೇನು, ತಪ್ಪು ಒಪ್ಪಿಕೊಳ್ಳುತ್ತಾರೆ ಅಂದುಕೊಂಡಿರಾ? ಮತ್ತೆ ಸಭೆ, ಮತ್ತೆ ಟೀ.

"ಗೊಂಬೆಗೆ ಬೆನ್ನಿಲ್ಲ ಅಂತ ಒಪ್ಪಿದರೆ?" ಅಂದರು ಸಾಹೇಬರು.

"ಬಟ್ಟೆ ತಪ್ಪು ಅಂತಾಗುತ್ತೆ ಸಾರ್."

"ಬೆನ್ನು ನಮ್ಮ ಇಲಾಖೆಗೆ ಬರುತ್ತಾ?"

ಗುಮಾಸ್ತ ನಿಯಮದ ಪುಸ್ತಕವನ್ನು ಹಿಂದೆ ಮುಂದೆ ತಿರುವಿದ. "ಇಲ್ಲ ಸಾರ್. ಬೆನ್ನು ಅನ್ನೋ ಪದವೇ ಎಲ್ಲೂ ಇಲ್ಲ."

"ಹಾಗಾದರೆ ಬೆನ್ನು ಇಲ್ಲ. ಇವತ್ತು ಸಕ್ಕರೆ ಸರಿಯಾಗಿದೆ ಕಣಮ್ಮ."

ಸುತ್ತೋಲೆ ಹೊರಟಿತು: "ಸಮವಸ್ತ್ರವು ಹೆಣ್ಣುಮಕ್ಕಳ ಮುಂಭಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಹಿಂಭಾಗವು ಅವರವರ ಖಾಸಗಿ ವಿಚಾರವಾಗಿರುತ್ತದೆ." ಹೊಲಿದ ಬಟ್ಟೆಯನ್ನೆಲ್ಲ ಬೆನ್ನಿನ ಕಡೆ ಸೀಳಿ ಲಾಡಿ ಹಚ್ಚಿದರು. ಹುಡುಗಿಯರು ತಮ್ಮ ಹಳೇ ಸಡಿಲ ಅಂಗಿಯ ಮೇಲೆ ಅದನ್ನು ಮುಂದೆ ಕಟ್ಟಿಕೊಂಡರು. ಎಲ್ಲರಿಗೂ ಹಿಡಿಸಿತು. ಟಿವಿಯಲ್ಲಿ ಬಂತು: ಊರಿನ ಹೆಣ್ಣುಮಕ್ಕಳೆಲ್ಲ ಒಂದೇ ದಿನದಲ್ಲಿ ಸರಿಹೋದರು. ಈಗ ತಪಾಸಣೆಗೆ ಯಾರಾದರೂ ಬಂದರೆ ಹುಡುಗಿಯರು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಲ್ಲುತ್ತಾರೆ. ಬಂದವರು ಮುಂದಿನಿಂದಲೇ ನೋಡಿ ಸಂತೋಷಪಟ್ಟು ಹೋಗುತ್ತಾರೆ. ಊರಿನಲ್ಲಿ ಯಾರಿಗೂ ಇದರಲ್ಲಿ ವಿಚಿತ್ರ ಕಾಣಿಸುವುದಿಲ್ಲ. ಅಭ್ಯಾಸ ಆಗಿದೆ.

ಯಾರು ಏನಾದರು ಅಂತ ಕೇಳುತ್ತೀರಿ, ಹೇಳಿಬಿಡುತ್ತೇನೆ.

ಸಾಹೇಬರಿಗೆ ಬಡ್ತಿ ಸಿಕ್ಕಿ ಟೋಪಿ ಇಲಾಖೆಗೆ ಹೋದರು. ಅಲ್ಲಿ ಊರಿನ ತಲೆಗಳಲ್ಲಿ ಏನೋ ದೋಷ ಕಂಡುಬಂದಿದೆಯಂತೆ. ಗುಮಾಸ್ತನಿಗೆ ಮದುವೆಯಾಯಿತು. ಹೆಂಡತಿಯ ಮುಖವನ್ನು ಈಗೀಗ ನೋಡುತ್ತಾನಂತೆ, ಚೆನ್ನಾಗಿದ್ದಾಳೆ ಅಂತಾನೆ. ಅಂಗಡಿಯವನ ಕನ್ನಡಿಗಳನ್ನು ಜನ ಅಡ್ಡ ಮಲಗಿಸಿ ಕಪಾಟಿನ ಹಲಗೆ ಮಾಡಿಕೊಂಡರು. ನಮ್ಮ ಮನೆಯಲ್ಲಿ ಅದರ ಮೇಲೆ ಸಾಂಬಾರದ ಡಬ್ಬಗಳಿವೆ, ನನ್ನ ಮಗಳೇ ಜೋಡಿಸಿದ್ದು. ದೊಡ್ಡ ಟೀಚರು ಮಾತಾಡುವ ಹುಡುಗಿಯರಿಗೆ ಮತ್ತೆ ಒಗ್ಗಿಕೊಳ್ಳುತ್ತಿದ್ದಾರೆ, ಪಾಪ, ತಲೆನೋವಿನ ಮಾತ್ರೆ ತಗೊಂಡು. ಟಿವಿ ಹುಡುಗಿ ಟಿವಿಯಲ್ಲೇ ಇದ್ದಾಳೆ, ಕ್ಲಿಪ್ಪೂ ಇದೆ. ಕೆಲಸ ಅಲ್ಲವೇ? ಆದರೆ ವಾರಕ್ಕೊಮ್ಮೆ ಇಲಾಖೆಯ ಸುದ್ದಿ ಇದೆ ಅಂತ ನೆಪ ಮಾಡಿ ಬಂದು, ನನ್ನ ಹತ್ತಿರ ಬೆನ್ನು ತಿರುಗಿಸಿ ಕೂತು ತಟ್ಟೆ ಬಿಸ್ಕತ್ತು ಖಾಲಿ ಮಾಡಿ ಹೋಗುತ್ತಾಳೆ.

ಗೊಂಬೆಗೆ ಕೈ ಅಂಟಿಸಿ ಮಹಿಳಾ ಅಳತೆದಾರರ ಖಾಲಿ ಹುದ್ದೆಗೆ ನೇಮಿಸಿದರು. ಗೋಡೆಗೆ ಆನಿಸಿದ ಕುರ್ಚಿಯಲ್ಲಿ ಕೂರುತ್ತಾಳೆ. ಯಾರಿಂದಲೂ ಒಂದು ದೂರು ಬಂದಿಲ್ಲ. ನಿಯಮದ ಪ್ರಕಾರ ಅವಳ ಮುಂದೆಯೂ ದಿನಾ ಒಂದು ಲೋಟ ಟೀ ಇಡುತ್ತೇನೆ. ಆರಿದ ಮೇಲೆ ಗುಮಾಸ್ತ ಕುಡಿಯುತ್ತಾನೆ.

ನನ್ನ ಗುಡುಗು? ಮುಂದಿನ ವರ್ಷದ ಪಂದ್ಯಕ್ಕೆ ಸಮವಸ್ತ್ರ ಕಟ್ಟಿಕೊಂಡೇ ಹೋದಳು. ಗುಂಡಿನ ಮಣ್ಣು ಕೈಗೆ ಹತ್ತಿದರೆ ಒರೆಸಿಕೊಳ್ಳಲು ಅದು ಬಹಳ ಅನುಕೂಲವಂತೆ. ಮೈದಾನಕ್ಕೆ ಹೊಸ ನಲ್ಲಿ ಹಾಕಿಸಿದ್ದರು, ಅದೂ ಸೊಟ್ಟಗಾಗಿದೆ. ಆದರೂ ಕೆಲವು ಸಂಜೆ, ಟಿವಿ ನೋಡಿ ಎದ್ದ ಮೇಲೆ, ಸ್ವಲ್ಪ ಹೊತ್ತು ಮಂಕಾಗುತ್ತಾಳೆ. ಆಗ ನನ್ನ ಮುಂದೆ ಬಂದು ತಿರುಗಿ ನಿಲ್ಲುತ್ತಾಳೆ.

"ಅಜ್ಜಿ, ನೋಡು. ಇದೆಯಾ?"

ನಾನು ಬೆನ್ನಿಗೆ ಅಂಗೈ ಇಟ್ಟು ಎರಡು ಸಲ ಬಡಿಯುತ್ತೇನೆ. ಟಕ್ ಟಕ್ ಅನ್ನಲ್ಲ, ದಪ್ ದಪ್ ಅನ್ನುತ್ತದೆ.

"ಇದೆ ಕಣೇ. ಅಗಲವಾಗೇ ಇದೆ."

ಆಮೇಲೆ ಊಟಕ್ಕೆ ಕೂರುತ್ತಾಳೆ.